ಹಾಡಿನ ಹಿಂದಿನ ಹೆಸರು: ಐರ್ಲೆಂಡಿನ ಹಳೆಯ ಲಾವಣಿಗಳ ಕರ್ತೃಗಳನ್ನು ಅರಸುತ್ತಾ



ಐರ್ಲೆಂಡಿನ ಹಳೆಯ ಲಾವಣಿಗಳ ಯಾವುದಾದರೊಂದು ಸಂಗ್ರಹವನ್ನು ತೆರೆದರೆ, ಕವಿಯ ಹೆಸರು ಇರಬೇಕಾದ ಜಾಗದಲ್ಲಿ 'ಸಾಂಪ್ರದಾಯಿಕ' ಎಂಬ ಒಂದೇ ಪದ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಕೇಳಲು ಗಂಭೀರವಾದ ಪದ. ಆದರೆ ಅದರ ನೆರಳಿನಲ್ಲಿ ಬೇರೆ ಬೇರೆ ಬಗೆಯ ಸಂಗತಿಗಳು ಅಡಗಿರುತ್ತವೆ. ಹಾಡನ್ನು ಕಟ್ಟಿದವರ ಹೆಸರು ನಿಜವಾಗಿಯೂ ಕಳೆದುಹೋಗಿರಬಹುದು. ಹೆಸರು ಸಿಗುವಂತಿದ್ದರೂ ಹುಡುಕುವ ಶ್ರಮವನ್ನು ಯಾರೂ ವಹಿಸಿರಲಿಕ್ಕಿಲ್ಲ. ಇಲ್ಲವೇ ಕರ್ತೃವೇ ತನ್ನ ಹೆಸರನ್ನು ಬೇಕೆಂದು ಬಚ್ಚಿಟ್ಟಿರಬಹುದು.

"ಹಾಡು ಇಂಪಾಗಿದ್ದರೆ ಸಾಕಲ್ಲವೇ, ಕಟ್ಟಿದವರು ಯಾರಾದರೇನು?" ಎಂದು ನೀವು ಕೇಳಬಹುದು. ಹಸಿದವನು ಅನ್ನ ಉಣ್ಣುವಾಗ ಗದ್ದೆಯ ಒಡೆಯನ ಹೆಸರನ್ನು ಕೇಳುವುದಿಲ್ಲ, ನಿಜ. ಆದರೆ ಉಂಡ ಮೇಲೆ ಕೃತಜ್ಞತೆ ಸಲ್ಲಿಸುವ ಹೊತ್ತಿಗೆ ಆ ಪ್ರಶ್ನೆ ಬಂದೇ ಬರುತ್ತದೆ. ಹಾಡಿನ ಋಣವನ್ನು ಯಾರಿಗೆ ತೀರಿಸಬೇಕು? ಆ ಋಣವನ್ನು ಪ್ರೀತಿಯ ಭರದಲ್ಲಿ ತಪ್ಪು ವಿಳಾಸಕ್ಕೆ ಕಳುಹಿಸಿಬಿಟ್ಟರೆ ಏನಾಗುತ್ತದೆ? ಈ ಲೇಖನದ ವಿಷಯ ಇಷ್ಟೇ. ನಾವು ಮೆಚ್ಚಿದ ಹಾಡನ್ನು ನಮ್ಮವರ ಹೆಸರಿಗೆ ಬರೆದುಕೊಳ್ಳುವುದು ಮನುಷ್ಯ ಸ್ವಭಾವ. ಪ್ರಾಮಾಣಿಕವಾಗಿ ಹುಡುಕಿದರೆ ಆ ಹಾಡು ಅನೇಕ ವೇಳೆ ಪರಕೀಯನ ಕೈಯಿಂದಲೋ ಹೆಸರಿಲ್ಲದ ಬಡವರ ಬಾಯಿಂದಲೋ ನಮಗೆ ಬಂದುದೆಂದು ತಿಳಿಯುತ್ತದೆ. ಈ ತಿಳಿವಳಿಕೆಯಿಂದ ಹಾಡು ಬಡವಾಗುವುದಿಲ್ಲ, ಹಾಡುವವರ ಮನಸ್ಸು ಹಿಗ್ಗುತ್ತದೆ ಎಂಬುದು ನನ್ನ ನಂಬಿಕೆ.

ಹೆಸರುಗಳು ಕಳೆದುಹೋದ ಬಗೆ

1792ರ ಜುಲೈ ತಿಂಗಳಲ್ಲಿ ಬೆಲ್‌ಫಾಸ್ಟ್ ನಗರದಲ್ಲಿ ಹಾರ್ಪ್ ವಾದಕರ ಒಂದು ಸಮ್ಮೇಳನ ನಡೆಯಿತು. ಹಾರ್ಪ್ ಎಂಬುದು ದಾವೀದ ಅರಸನ ಕಿನ್ನರಿಯನ್ನು ನೆನಪಿಗೆ ತರುವ ತಂತಿವಾದ್ಯ. ಅಳಿಯುತ್ತಿದ್ದ ಆ ಕಲೆಯನ್ನು ಉಳಿಸಬೇಕೆಂಬ ಆಸೆಯಿಂದ ಕರೆದ ಸಭೆಗೆ ಹತ್ತು ಮಂದಿ ಐರಿಷ್ ವಾದಕರು ಬಂದರು. ಅವರಲ್ಲಿ ಹಲವರು ವೃದ್ಧರು, ಹಲವರು ಕುರುಡರು. ಅವರು ನುಡಿಸಿದ್ದನ್ನು ಬರೆದುಕೊಳ್ಳುವ ಕೆಲಸ 19 ವರ್ಷದ ಎಡ್ವರ್ಡ್ ಬಂಟಿಂಗ್ ಎಂಬ ಆರ್ಗನ್ ವಾದಕನ ಪಾಲಿಗೆ ಬಂತು. 1796ರಲ್ಲಿ ಆತ ಅಚ್ಚು ಹಾಕಿಸಿದ ಸಂಪುಟದಲ್ಲಿ ಧಾಟಿಗಳಿದ್ದವು, ಹಾಡಿನ ಮಾತುಗಳಿರಲಿಲ್ಲ. ಮಾತುಗಳು ಐರಿಷ್ ಭಾಷೆಯವು. ಬಂಟಿಂಗ್‌ಗೆ ಆ ಭಾಷೆ ಬರುತ್ತಿರಲಿಲ್ಲ. 1802ರಲ್ಲಿ ಪ್ಯಾಟ್ರಿಕ್ ಲಿಂಚ್ ಎಂಬ ಶಾಲಾ ಶಿಕ್ಷಕರನ್ನು ಪಶ್ಚಿಮದ ಕಾನಾಟ್ ಪ್ರಾಂತ್ಯಕ್ಕೆ ಕಳುಹಿಸಿ ಜನರ ಬಾಯಿಂದ ಮಾತುಗಳನ್ನೂ ಸಂಗ್ರಹಿಸಲಾಯಿತು. ಹಾಗಿದ್ದರೂ 1809ರ ಎರಡನೆಯ ಸಂಪುಟದಲ್ಲಿ ಧಾಟಿಗಳ ಕೆಳಗೆ ಅಚ್ಚಾದದ್ದು ಇಂಗ್ಲಿಷ್ ಪದ್ಯಗಳು. ಅದೇ ಧಾಟಿಗಳಲ್ಲಿ ಹಲವನ್ನು ಎತ್ತಿಕೊಂಡು ಥಾಮಸ್ ಮೂರ್ 1808ರಿಂದ 1834ರವರೆಗೆ ತಮ್ಮ 'ಐರಿಷ್ ಮೆಲೊಡೀಸ್' ಹಾಡುಗಳನ್ನು ರಚಿಸಿದರು. ಹೀಗೆ ಧಾಟಿ ಒಂದು ಕಡೆಗೆ, ಮೂಲದ ಮಾತು ಇನ್ನೊಂದು ಕಡೆಗೆ ಹೋದವು. ಇವೆರಡನ್ನೂ ಕಟ್ಟಿದವರ ಹೆಸರು ಯಾವ ಕಡೆಗೂ ಹೋಗಲಿಲ್ಲ.

ಇನ್ನೊಂದು ದಾರಿ ಬೀದಿಯದು. 18 ಮತ್ತು 19ನೆಯ ಶತಮಾನಗಳಲ್ಲಿ ಲಾವಣಿಗಳನ್ನು ಬಿಡಿ ಹಾಳೆಗಳಲ್ಲಿ ಅಚ್ಚು ಹಾಕಿ ಸಂತೆಗಳಲ್ಲಿ, ಜಾತ್ರೆಗಳಲ್ಲಿ ಹಾಡುತ್ತಾ ಮಾರುತ್ತಿದ್ದರು. ಆ ಹಾಳೆಗಳಲ್ಲಿ ಮುದ್ರಕನ ಹೆಸರು ಕೆಲವೊಮ್ಮೆ ಇರುತ್ತಿತ್ತು. ಕವಿಯ ಹೆಸರು ಮತ್ತು ತಾರೀಖು ಸಾಮಾನ್ಯವಾಗಿ ಇರುತ್ತಿರಲಿಲ್ಲ. ಬಂಡಾಯದ ಹಾಡಾದರಂತೂ ಹೆಸರು ಹೇಳುವುದೇ ಅಪಾಯ. ಸೆರೆಮನೆಯ ಬಾಗಿಲು ಹತ್ತಿರದಲ್ಲೇ ಇತ್ತು.

ಕನ್ನಡಿಗರಾದ ನಮಗೆ ಈ ಕಷ್ಟ ಒಮ್ಮೆಗೇ ಅರ್ಥವಾಗಲಿಕ್ಕಿಲ್ಲ. ನಮ್ಮ ವಚನಕಾರರೂ ಹರಿದಾಸರೂ ಕೊನೆಯ ಸಾಲಿನಲ್ಲಿ ಅಂಕಿತವನ್ನು ಇಟ್ಟು ಹೋದರು. ಅಂಕಿತವೇ ಅವರ ವಿಳಾಸ. ಐರ್ಲೆಂಡಿನ ಲಾವಣಿಗೆ ಅಂತಹ ಪದ್ಧತಿಯಿರಲಿಲ್ಲ. ಆದ್ದರಿಂದ ಕರ್ತೃವನ್ನು ಹುಡುಕುವವನು ಹಾಡನ್ನೇ ಸಾಕ್ಷಿಯ ಕಟ್ಟೆಗೆ ಕರೆಯಬೇಕಾಗುತ್ತದೆ.

ಕಿಲ್ಕ್ಯಾಶಿನ ಕಾಡು ಹೇಳುವ ಸಾಕ್ಷ್ಯ

ಟಿಪ್ಪರೇರಿ ಜಿಲ್ಲೆಯ ಕಿಲ್ಕ್ಯಾಶ್ ಎಂಬಲ್ಲಿ ಬಟ್ಲರ್ ಮನೆತನದವರ ಒಂದು ಕೋಟೆ ಇತ್ತು. ಆ ಮನೆಯ ಅಳಿವನ್ನು ಕುರಿತ 'ಕಿಲ್ಕ್ಯಾಶ್' ಎಂಬ ಶೋಕಗೀತೆ ಐರಿಷ್ ಭಾಷೆಯ ಅತ್ಯಂತ ಪ್ರಸಿದ್ಧ ಹಾಡುಗಳಲ್ಲಿ ಒಂದು. ಕಾಡೆಲ್ಲ ಕಡಿದುಹೋದ ಮೇಲೆ ಮರಕ್ಕೆ ಗತಿಯೇನು ಎಂಬ ಕೊರಗಿನಿಂದ ಅದು ಆರಂಭವಾಗುತ್ತದೆ. ಅಲ್ಲಿ ವಾಸಿಸಿದ್ದ ಧರ್ಮಿಷ್ಠ ಹೆಂಗಸನ್ನೂ ಆ ಮನೆಯಲ್ಲಿ ನಡೆಯುತ್ತಿದ್ದ ಬಲಿಪೂಜೆಯನ್ನೂ ನೆನೆಯುತ್ತದೆ. ಕಥೋಲಿಕರ ಮೇಲೆ ಕಠಿಣ ಕಾನೂನುಗಳಿದ್ದ ಕಾಲದಲ್ಲಿ ಗುರುಗಳಿಗೆ ಆಶ್ರಯ ಕೊಟ್ಟ ಮನೆಯ ನೆನಪದು. ಆ ಹೆಂಗಸು ಐವೇ ಮನೆತನದ ವೈಕೌಂಟೆಸ್ ಮಾರ್ಗರೆಟ್ ಬಟ್ಲರ್. ಆಕೆ 1744ರಲ್ಲಿ ತೀರಿಕೊಂಡರು.

ಈ ಹಾಡನ್ನು ರಚಿಸಿದವರು ಫಾದರ್ ಜಾನ್ ಲೇನ್ ಎಂದು ಬಹುಕಾಲ ಹೇಳಿಕೊಂಡು ಬಂದಿದ್ದಾರೆ. ಆಕೆಯ ಧನಸಹಾಯದಿಂದಲೇ ಅವರು ಗುರುವಾದರೆಂಬ ಐತಿಹ್ಯವೂ ಉಂಟು. ಎಷ್ಟು ಚೆನ್ನಾಗಿ ಹೊಂದುವ ಕಥೆ! ಉಪಕಾರ ಪಡೆದ ಗುರು, ಉಪಕಾರ ಮಾಡಿದ ತಾಯಿ, ಕೃತಜ್ಞತೆಯ ಹಾಡು. ಆದರೆ ಹಾಡಿನ ಮೊದಲ ಕೊರಗು ಕಾಡನ್ನು ಕುರಿತದ್ದು, ಹೆಂಗಸನ್ನು ಕುರಿತದ್ದಲ್ಲ ಎಂಬುದನ್ನು ಗಮನಿಸಿ. ಕಿಲ್ಕ್ಯಾಶಿನ ಮರಗಳನ್ನು ಮಾರಾಟಕ್ಕೆ ಇಟ್ಟದ್ದು 1797ರಲ್ಲಿ ಮತ್ತು 1801ರಲ್ಲಿ. ಫಾದರ್ ಲೇನ್ ನಿಧನರಾದದ್ದು 1776ರಲ್ಲಿ. ಬೀಳದಿರುವ ಮರಕ್ಕೆ ಶೋಕಗೀತೆ ಬರೆಯುವವರು ಯಾರು? ಈ ಕಾರಣದಿಂದಲೇ ವಿದ್ವಾಂಸರು ಗುರುಗಳ ಹೆಸರನ್ನು ಒಪ್ಪಲು ಹಿಂಜರಿಯುತ್ತಾರೆ.

ಇದನ್ನೇ ಗ್ರಂಥಸಂಪಾದನೆಯಲ್ಲಿ ಆಂತರಿಕ ಪ್ರಮಾಣ ಎನ್ನುವುದು. ಗುರುಮಠದಲ್ಲಿ ಶ್ರೀಗ್ರಂಥವನ್ನು ಅಭ್ಯಾಸ ಮಾಡಿದವರಿಗೆ ಇದು ಹೊಸದಲ್ಲ. ಬಾಬಿಲೋನಿನ ನದಿಗಳ ಬಳಿ ಸೆರೆಯಾಳುಗಳು ಅತ್ತದ್ದನ್ನು ಹೇಳುವ 137ನೆಯ ಕೀರ್ತನೆಗೆ ಪ್ರಾಚೀನ ಗ್ರೀಕ್ ಅನುವಾದದಲ್ಲಿ ದಾವೀದನ ಹೆಸರಿನ ತಲೆಬರಹವಿದೆ. ದಾವೀದ ಬಾಳಿದ್ದು ಕ್ರಿಸ್ತಪೂರ್ವ 1000ದ ಸುಮಾರಿಗೆ. ಜೆರುಸಲೇಮ್ ಬಿದ್ದು ಜನ ಸೆರೆ ಹೋದದ್ದು ಅದಕ್ಕೆ ನಾಲ್ಕು ಶತಮಾನಗಳ ತರುವಾಯ. ತಲೆಬರಹ ಇಟ್ಟವರು ಮೋಸಗಾರರಲ್ಲ. ಕೀರ್ತನೆಗಳೆಂದರೆ ದಾವೀದ ಎಂಬ ಭಕ್ತಿ ಅವರಿಂದ ಹಾಗೆ ಬರೆಸಿತು. ಕಿಲ್ಕ್ಯಾಶಿನ ಹಾಡಿಗೆ ಗುರುವಿನ ಹೆಸರನ್ನು ಕೊಟ್ಟದ್ದೂ ಅಂಥದೇ ಭಕ್ತಿ. ಭಕ್ತಿಯನ್ನು ಗೌರವಿಸೋಣ, ತಾರೀಖನ್ನು ಅದರ ಕೈಗೆ ಒಪ್ಪಿಸದಿರೋಣ. ಫಾದರ್ ಲೇನ್ ಅವರ ಹೆಸರು ಹೋದರೂ ಹಾಡಿನ ಒಂದು ಎಲೆಯೂ ಉದುರುವುದಿಲ್ಲ. ಬದಲಾಗಿ, ಆ ಮನೆಯೊಡತಿ ಸತ್ತು ಅರ್ಧ ಶತಮಾನ ಕಳೆದ ಮೇಲೂ ಆ ಊರಿನ ಯಾರೋ ಆಕೆಯನ್ನು ಮರೆತಿರಲಿಲ್ಲ ಎಂಬ ಇನ್ನೂ ದೊಡ್ಡ ಸಂಗತಿ ಬೆಳಕಿಗೆ ಬರುತ್ತದೆ. ಉಪಕಾರ ಪಡೆದವನ ಕೃತಜ್ಞತೆಗಿಂತ ಇದು ಆಳವಾದುದು.

ಅಂಕಿತವೂ ಸುಳ್ಳಾಗಬಹುದು

ಹಾಡಿನಲ್ಲಿಯೇ ಕವಿಯ ಹೆಸರಿದ್ದರೆ ಸಮಸ್ಯೆ ಮುಗಿಯಿತಲ್ಲವೇ? ಮುಗಿಯಲಿಲ್ಲ. ಆಂಟನಿ ರಾಫ್ಟರಿ (1779-1835) ಕಾನಾಟ್ ಪ್ರಾಂತ್ಯದಲ್ಲಿ ಅಲೆಯುತ್ತಾ ಹಾಡುತ್ತಿದ್ದ ಕುರುಡ ಕವಿ. 1828ರಲ್ಲಿ ಗಾಲ್ವೇ ಬಳಿ ದೋಣಿ ಮುಳುಗಿ 19 ಮಂದಿ ಸತ್ತಾಗ ಆತ ಕಟ್ಟಿದ 'ಆನಾಕ್ ಕೂನ್' ಎಂಬ ಶೋಕಗೀತೆಯನ್ನು ಇಂದಿಗೂ ಹಾಡುತ್ತಾರೆ. ಆದರೆ ಆತನ ಹೆಸರಿನಲ್ಲಿ ಐರಿಷ್ ಮಕ್ಕಳು ಬಾಯಿಪಾಠ ಮಾಡುವುದು ಇನ್ನೊಂದು ಚಿಕ್ಕ ಕವನವನ್ನು. ತಾನು ರಾಫ್ಟರಿ ಎಂಬ ಕವಿ ಎಂದು ಮೊದಲ ಸಾಲಿನಲ್ಲೇ ಹೆಸರು ಹೇಳಿಕೊಂಡು, ಕಣ್ಣಿಲ್ಲದಿದ್ದರೂ ಭರವಸೆಯಿಂದ ನಡೆಯುವವನ ಚಿತ್ರವನ್ನು ಕೊಡುವ ಕವನವದು. 1994ರಿಂದ ಚಲಾವಣೆಯಲ್ಲಿದ್ದ, ಯೂರೋ ಬಂದ ಮೇಲೆ ನಿಂತುಹೋದ, ಐರ್ಲೆಂಡಿನ ಐದು ಪೌಂಡಿನ ನೋಟಿನ ಒಂದು ಮುಖದಲ್ಲಿ ದಯಾ ಸಹೋದರಿಯರ ಸಭೆಯನ್ನು ಸ್ಥಾಪಿಸಿದ ಕ್ಯಾಥರಿನ್ ಮೆಕಾಲೆ ಅವರ ಚಿತ್ರವಿತ್ತು. ಇನ್ನೊಂದು ಮುಖದಲ್ಲಿದ್ದ ತರಗತಿಯ ಕಪ್ಪುಹಲಗೆಯ ಮೇಲೆ ಈ ಕವನವೇ ಇತ್ತು.

ಆದರೆ ಈ ಕವನ ರಾಫ್ಟರಿಯದಲ್ಲ, ಅಮೆರಿಕಕ್ಕೆ ವಲಸೆ ಹೋಗಿದ್ದ ಷಾನ್ ಓ ಕೆಲ್ಲಿ ಎಂಬ ಐರಿಷ್ ಮನುಷ್ಯನದೆಂಬುದು ಇಂದು ಅನೇಕ ವಿದ್ವಾಂಸರ ಅಭಿಪ್ರಾಯ. ಅದು ಮೊದಲು ಅಚ್ಚಾದದ್ದು 1882ರಲ್ಲಿ, ನ್ಯೂಯಾರ್ಕಿನ ಐರಿಷ್ ಪತ್ರಿಕೆಯೊಂದರಲ್ಲಿ. ರಾಫ್ಟರಿ ಸತ್ತು 47 ವರ್ಷಗಳಾಗಿದ್ದವು. ರಾಫ್ಟರಿಯ ಹಾಡುಗಳನ್ನು ಊರೂರು ಸುತ್ತಿ ಕೂಡಿಸಿದ ಡಗ್ಲಸ್ ಹೈಡ್ ತಮ್ಮ 1903ರ ಸಂಗ್ರಹಕ್ಕೆ ಕೊಟ್ಟ ಹೆಸರನ್ನು ಗಮನಿಸಿ: 'ರಾಫ್ಟರಿಯವೆಂದು ಹೇಳಲಾಗುವ ಹಾಡುಗಳು'. 'ಹೇಳಲಾಗುವ' ಎಂಬ ಆ ಒಂದು ಪದದಲ್ಲಿ ವಿದ್ವಾಂಸನ ಪ್ರಾಮಾಣಿಕತೆಯೆಲ್ಲ ಇದೆ.

ಪರದೇಶದಲ್ಲಿ ಕುಳಿತ ವಲಸೆಗಾರನೊಬ್ಬ ತನ್ನ ಒಂಟಿತನವನ್ನು ಊರಿನ ಕುರುಡ ಕವಿಯ ಬಾಯಲ್ಲಿ ಇಟ್ಟು ಬರೆದ ಎಂದುಕೊಂಡು ಆ ಕವನವನ್ನು ಓದಿ ನೋಡಿ. ಅದರ ಭರವಸೆಗೆ ಇನ್ನೊಂದು ಅರ್ಥದ ಪದರು ಸೇರುತ್ತದೆ. ಕರ್ತೃವಿನ ಶೋಧ ಹಾಡನ್ನು ಕೊಲ್ಲುತ್ತದೆ ಎನ್ನುವವರಿಗೆ ಇದೇ ಉತ್ತರ.

ಮುದುಕಿಯ ಮೂರು ಸಾಲುಗಳು

ಕೆಲವು ಹಾಡುಗಳಿಗೆ ಒಬ್ಬನೇ ತಂದೆಯಿಲ್ಲ. ಡಬ್ಲ್ಯೂ. ಬಿ. ಯೇಟ್ಸ್ 1889ರಲ್ಲಿ ಪ್ರಕಟಿಸಿದ ಸಂಕಲನದಲ್ಲಿ ಒಂದು ಪುಟ್ಟ ಪ್ರೇಮಗೀತೆ ಇದೆ. ಇಂದು ಅದು 'ಡೌನ್ ಬೈ ದ ಸ್ಯಾಲಿ ಗಾರ್ಡನ್ಸ್' ಎಂದು ಪ್ರಸಿದ್ಧ. ಯೇಟ್ಸ್ ಅದಕ್ಕೆ ಮೊದಲು ಇಟ್ಟ ಹೆಸರಿನ ಅರ್ಥ, ಮತ್ತೆ ಹಾಡಿದ ಹಳೆಯ ಹಾಡು ಎಂದು. ಸ್ಲೈಗೋ ಜಿಲ್ಲೆಯ ಬ್ಯಾಲಿಸಡೇರ್ ಎಂಬ ಹಳ್ಳಿಯಲ್ಲಿ ಒಬ್ಬ ರೈತಮುದುಕಿ ತನ್ನಷ್ಟಕ್ಕೆ ಗುನುಗುತ್ತಿದ್ದ, ಅರೆಬರೆ ನೆನಪಿದ್ದ ಮೂರು ಸಾಲುಗಳಿಂದ ಹಾಡನ್ನು ಮರಳಿ ಕಟ್ಟಲು ಯತ್ನಿಸಿದ್ದೇನೆ ಎಂದು ಅವರು ಟಿಪ್ಪಣಿಯಲ್ಲಿ ಒಪ್ಪಿಕೊಂಡರು. ಮಹಾಕವಿಯ ಈ ಪ್ರಾಮಾಣಿಕತೆ ದೊಡ್ಡದು. ಆದರೂ ಟಿಪ್ಪಣಿಯಲ್ಲಿ ಊರಿನ ಹೆಸರಿದೆ, ಮುದುಕಿಯ ಹೆಸರಿಲ್ಲ.

'ಷಿ ಮೂವ್ಡ್ ಥ್ರೂ ದ ಫೇರ್' ಎಂಬ ಹಾಡನ್ನು ಕೇಳಿದವರು ಅದು ನೂರಾರು ವರ್ಷ ಹಳೆಯದೆಂದೇ ಭಾವಿಸುತ್ತಾರೆ. ಅದರ ಧಾಟಿಯನ್ನು ಡೊನೆಗಾಲ್ ಜಿಲ್ಲೆಯಲ್ಲಿ ಸಂಗ್ರಹಿಸಿದವರು ಹರ್ಬರ್ಟ್ ಹ್ಯೂಸ್. 1909ರಲ್ಲಿ ಅದು ಅಚ್ಚಾದಾಗ ಮಾತುಗಳು ಪ್ಯಾಡ್ರಿಕ್ ಕೋಲಮ್ ಅವರವು. ಅದು ಜನಪದದ ಹಾಡು, ಕೋಲಮ್ ಅವರದಲ್ಲ ಎಂಬ ವಾದ ಎದ್ದಾಗ 88 ವರ್ಷದ ಕವಿ 1970ರಲ್ಲಿ 'ಐರಿಷ್ ಟೈಮ್ಸ್' ಪತ್ರಿಕೆಗೆ ಪತ್ರ ಬರೆದು, ಕೊನೆಯ ಪದ್ಯದ ಹೊರತು ಉಳಿದದ್ದೆಲ್ಲ ತಮ್ಮದೆಂದು ಸ್ಪಷ್ಟಪಡಿಸಬೇಕಾಯಿತು. ಅವರ ಕಲೆ ಎಷ್ಟು ಸಹಜವಾಗಿತ್ತೆಂದರೆ ಅದೇ ಅವರಿಗೆ ಮುಳುವಾಯಿತು. ಜನರು ಹಾಡನ್ನು ಪೂರ್ತಿಯಾಗಿ ತಮ್ಮದಾಗಿಸಿಕೊಂಡು ಕವಿಯನ್ನು ಬಾಗಿಲ ಹೊರಗೆ ನಿಲ್ಲಿಸಿದರು.

'ಡ್ಯಾನಿ ಬಾಯ್' ಹಾಡಿನ ಕಥೆ ಇದಕ್ಕೂ ವಿಚಿತ್ರ. ಜಗತ್ತಿನ ಯಾವ ಮೂಲೆಯಲ್ಲಿ ಐರಿಷ್ ಜನರಿದ್ದರೂ ಅವರ ಕಣ್ಣಲ್ಲಿ ನೀರು ತರಿಸುವ ಈ ಹಾಡಿನ ಮಾತುಗಳನ್ನು ಬರೆದವರು ಫ್ರೆಡೆರಿಕ್ ವೆದರ್ಲಿ ಎಂಬ ಇಂಗ್ಲಿಷ್ ವಕೀಲರು, 1910ರಲ್ಲಿ, ಬೇರೆ ಧಾಟಿಗೆ. ಅಮೆರಿಕದಲ್ಲಿದ್ದ ಅವರ ನಾದಿನಿ 1912ರಲ್ಲಿ ಒಂದು ಐರಿಷ್ ಧಾಟಿಯನ್ನು ಕಳುಹಿಸಿದರು. ಮಾತು ಮತ್ತು ಧಾಟಿ ಕೂಡಿ 1913ರಲ್ಲಿ ಹಾಡು ಹೊರಬಂತು. ಆ ಧಾಟಿಯನ್ನು ಲಿಮವಾಡಿ ಎಂಬ ಊರಿನ ಜೇನ್ ರಾಸ್ ಎಂಬ ಮಹಿಳೆ ಬರೆದುಕೊಂಡಿದ್ದರು. ಜಾರ್ಜ್ ಪೆಟ್ರಿ 1855ರಲ್ಲಿ ಅದನ್ನು ಪ್ರಕಟಿಸಿದ್ದರು. ನುಡಿಸಿದವನು ಒಬ್ಬ ಕುರುಡ ಪಿಟೀಲುಗಾರನೆಂದು ಊರಿನ ಐತಿಹ್ಯ ಹೇಳುತ್ತದೆ. ಜೇನ್ ರಾಸ್ ಅವನ ಹೆಸರನ್ನು ಬರೆದಿಡಲಿಲ್ಲ. ಧಾಟಿಯನ್ನು ಜೋಪಾನ ಮಾಡಿದವರಿಗೆ ನಮ್ಮ ಕೃತಜ್ಞತೆ ಸಲ್ಲಬೇಕು. ಆದರೆ ಲೇಖನಿ ಕೈಯಲ್ಲಿದ್ದವರ ಹೆಸರೆಲ್ಲ ಉಳಿದು, ವಾದ್ಯ ಕೈಯಲ್ಲಿದ್ದವನ ಹೆಸರು ಮಾತ್ರ ಅಳಿದದ್ದು ಆಕಸ್ಮಿಕವಲ್ಲ. ಸಮಾಜ ಯಾರನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ ಎಂಬುದರ ಗುರುತು ಅದು.

1798ರ ಹಾಡುಗಳು ಮತ್ತು ಗುರುವಿನ ಮುಖ

ಐರ್ಲೆಂಡಿನಲ್ಲಿ 1798ರಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ದಂಗೆ ಎದ್ದಿತು, ರಕ್ತದಲ್ಲಿ ಅಡಗಿತು. ಆ ದಂಗೆಯ ಹಾಡುಗಳೆಂದು ಇಂದು ಹಾಡುವವುಗಳಲ್ಲಿ ಹೆಸರಾದವು ಆ ವರ್ಷದವಲ್ಲ. 1967ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಜಾರ್ಜ್ ಡೆನಿಸ್ ಝಿಮರ್ಮನ್ ಎಂಬ ಸ್ವಿಸ್ ವಿದ್ವಾಂಸರು ಬೀದಿಯ ಬಿಡಿ ಹಾಳೆಗಳನ್ನೂ ಪತ್ರಿಕೆಗಳ ಕವನಗಳನ್ನೂ ಎದುರುಬದುರಾಗಿ ಇಟ್ಟು, ಜನರ ಹಾಡು ಯಾವುದು, ವಿದ್ಯಾವಂತರು ಜನರಿಗಾಗಿ ಬರೆದದ್ದು ಯಾವುದು ಎಂಬುದನ್ನು ವಿಂಗಡಿಸಲು ದಾರಿ ತೋರಿದರು.

ಫಾದರ್ ಜಾನ್ ಮರ್ಫಿ ವೆಕ್ಸ್‌ಫರ್ಡ್ ಜಿಲ್ಲೆಯ ಬೂಲಾವೋಗ್ ಎಂಬಲ್ಲಿ ಗುರುವಾಗಿದ್ದವರು. ಆಯುಧಗಳನ್ನು ಒಪ್ಪಿಸಿ ಸುಮ್ಮನಿರಿ ಎಂದು ಮೊದಲು ಜನರಿಗೆ ಬುದ್ಧಿ ಹೇಳಿದವರು, ಕೊನೆಗೆ ಅದೇ ಜನರ ಮುಂದೆ ನಿಂತು ಹೋರಾಡಿ, 1798ರ ಜುಲೈ 2ರಂದು ಟಲೋ ಎಂಬಲ್ಲಿ ಮರಣದಂಡನೆಗೆ ಗುರಿಯಾದರು. ಅವರನ್ನು ಕುರಿತ 'ಬೂಲಾವೋಗ್' ಎಂಬ ಹಾಡು ಬಂದದ್ದು 1898ರಲ್ಲಿ, ದಂಗೆಯ ಶತಮಾನೋತ್ಸವಕ್ಕೆ. ಬರೆದವರು ಡಬ್ಲಿನ್ನಿನ ಪಿ. ಜೆ. ಮೆಕಾಲ್. ಅದು ಕಣ್ಣಾರೆ ಕಂಡವರ ಸಾಕ್ಷ್ಯವಲ್ಲ; ನೂರು ವರ್ಷದ ನಂತರದ ಸ್ಮಾರಕ. ಸ್ಮಾರಕವೆಂದು ಹಾಡಿದರೆ ಅದು ಸುಂದರ. ಚರಿತ್ರೆಯೆಂದು ಓದಿದರೆ ಫಾದರ್ ಮರ್ಫಿ ಅವರ ಮನಸ್ಸಿನ ಆ ಮೊದಲ ಹೋರಾಟ, ಶಾಂತಿ ಬಯಸಿದ ಕುರುಬನ ಸಂಕಟ, ಮರೆಯಾಗಿಬಿಡುತ್ತದೆ.

'ಕ್ರಾಪಿ ಬಾಯ್' ಹಾಡಿನ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವುದು ಉಚಿತ. ಆ ಕಾಲದ ದಂಗೆಕೋರರು ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಳ್ಳುತ್ತಿದ್ದುದರಿಂದ ಅವರಿಗೆ 'ಕ್ರಾಪಿ' ಎಂಬ ಹೆಸರು. ಈ ಹೆಸರಿನ ಎರಡು ಹಾಡುಗಳಿವೆ. ಒಂದು ಬೀದಿಯ ಹಾಳೆಗಳಲ್ಲಿ ಬಂದ ಹಳೆಯದು, ಕರ್ತೃವಿಲ್ಲದ್ದು. ಸೆರೆಸಿಕ್ಕ ಹುಡುಗನನ್ನು ಅವನ ಸ್ವಂತ ಮನೆಯವರೇ ಕೈಬಿಟ್ಟ ಕಥೆ. ಇನ್ನೊಂದು 1845ರಲ್ಲಿ 'ದ ನೇಷನ್' ಪತ್ರಿಕೆಯಲ್ಲಿ ಕ್ಯಾರಲ್ ಮಲೋನ್ ಎಂಬ ಹೆಸರಿನಲ್ಲಿ ಬಂತು. ಅದು ಗುಪ್ತನಾಮ; ಹಿಂದಿದ್ದವರು ವಿಲಿಯಂ ಮೆಕ್‌ಬರ್ನಿ. ಈ ಎರಡನೆಯದರಲ್ಲಿ ದಂಗೆಗೆ ಹೊರಟ ಹುಡುಗ ಪಾಪನಿವೇದನೆ ಮಾಡಲು ಗುರುವಿನ ಮನೆಗೆ ಬರುತ್ತಾನೆ. ಕೋಣೆಯಲ್ಲಿ ಒಬ್ಬಂಟಿಯಾಗಿ ಕುಳಿತಿದ್ದವರ ಮುಂದೆ ಮೊಣಕಾಲೂರುತ್ತಾನೆ. ಅವನ ಪಾಪಗಳಾದರೂ ಯಾವುವು? ಪಾಸ್ಕದ ನಂತರ ಮೂರು ಸಲ ಬಾಯಿತಪ್ಪಿ ಶಪಿಸಿದ್ದು, ಪೂಜೆಯ ಹೊತ್ತಿನಲ್ಲಿ ಒಮ್ಮೆ ಆಟಕ್ಕೆ ಹೋದದ್ದು, ಸ್ಮಶಾನದ ಪಕ್ಕದಲ್ಲಿ ಅವಸರದಿಂದ ನಡೆಯುವಾಗ ತಾಯಿಯ ಆತ್ಮಕ್ಕಾಗಿ ಪ್ರಾರ್ಥಿಸಲು ಮರೆತದ್ದು. ಕೇಳುತ್ತಿದ್ದವನು ಎದ್ದು ನಿಂತಾಗ ತಿಳಿಯುತ್ತದೆ: ಅವನು ಗುರುವಲ್ಲ, ಗುರುವಿನ ಉಡುಪು ತೊಟ್ಟ ಸರ್ಕಾರಿ ಪಡೆಯ ಅಧಿಕಾರಿ.

ಎರಡು ಹಾಡುಗಳಲ್ಲಿ ಕಲೆಯ ದೃಷ್ಟಿಯಿಂದ ಮೆಕ್‌ಬರ್ನಿಯದೇ ಮಿಗಿಲು ಎಂದು ನನ್ನ ನಿರ್ಣಯ. ಆ ಮೂರು ಚಿಕ್ಕ ಪಾಪಗಳ ಆಯ್ಕೆಯಲ್ಲಿ ಕವಿ ಹುಡುಗನ ಮುಗ್ಧತೆಯನ್ನು ಒಂದು ಹೊಗಳಿಕೆಯ ಮಾತಿಲ್ಲದೆ ತೋರಿಸಿದ್ದಾನೆ. ದ್ರೋಹ ಎಲ್ಲಿ ನಡೆದರೂ ದ್ರೋಹವೇ. ಪಾಪನಿವೇದನೆಯ ಪೀಠದಲ್ಲಿ ನಡೆದರೆ ಅದಕ್ಕೆ ಹೋಲಿಕೆಯಿಲ್ಲ. ಪಾಪನಿವೇದನೆ ಕೇಳುವ ಗುರು ಯಾರೇ ಆಗಲಿ ಈ ಹಾಡನ್ನು ಎದೆ ನಡುಗದೆ ಕೇಳಲಾರ. ಜೇಮ್ಸ್ ಜಾಯ್ಸ್ ತಮ್ಮ 'ಯುಲಿಸಿಸ್' ಕಾದಂಬರಿಯಲ್ಲಿ ಈ ಹಾಡನ್ನು ಬಳಸಿಕೊಂಡದ್ದು ಆಶ್ಚರ್ಯವಲ್ಲ. ಆದರೂ ಕರ್ತೃ ಯಾರು, ಯಾವಾಗ ಬರೆದ ಎಂಬುದು ತಿಳಿದ ಮೇಲೆ ನಾವು ಒಂದು ಎಚ್ಚರ ವಹಿಸಬೇಕು. ಇದು 47 ವರ್ಷಗಳ ನಂತರದ ಕವಿಕಲ್ಪನೆ. ಹಳೆಯ ಹಾಡಿನಲ್ಲಿ ಈ ದೃಶ್ಯವಿಲ್ಲ. ಹೀಗೊಂದು ಘಟನೆ ನಡೆಯಿತೆಂದು ಹೇಳಿ ಅದರ ಮೇಲೆ ದ್ವೇಷವನ್ನು ಬೆಳೆಸುವುದು ಹಾಡಿಗೂ ಸತ್ಯಕ್ಕೂ ಮಾಡುವ ಅನ್ಯಾಯ. ಒಳ್ಳೆಯ ಹಾಡು ಪ್ರಬಲವಾದುದರಿಂದಲೇ ಅದರ ತಾರೀಖನ್ನು ತಿಳಿದಿರುವುದು ಅಗತ್ಯ.

ಇದೇ ಪತ್ರಿಕೆಯಲ್ಲಿ 1843ರ ಏಪ್ರಿಲಿನಲ್ಲಿ, 1798ರಲ್ಲಿ ಸತ್ತವರನ್ನು ನೆನೆಯಲು ಅಂಜಬಾರದೆಂಬ ಆಶಯದ 'ದ ಮೆಮರಿ ಆಫ್ ದ ಡೆಡ್' ಎಂಬ ಹಾಡು ಹೆಸರಿಲ್ಲದೆ ಬಂತು. ಕಥೋಲಿಕ ಮನೆಗಳಲ್ಲಿ ತಲೆಮಾರುಗಳ ಕಾಲ ಅದನ್ನು ಹಾಡಿದರು. ಬರೆದವರು ಜಾನ್ ಕೆಲ್ಸ್ ಇಂಗ್ರಮ್. ಆಗ ಟ್ರಿನಿಟಿ ಕಾಲೇಜಿನ 19 ವರ್ಷದ ವಿದ್ಯಾರ್ಥಿ, ಪ್ರೊಟೆಸ್ಟಂಟ್ ಪಾದ್ರಿಯೊಬ್ಬರ ಮಗ. ಮುಂದೆ ಅದೇ ಕಾಲೇಜಿನಲ್ಲಿ ದೊಡ್ಡ ವಿದ್ವಾಂಸರಾದರು. ತಮ್ಮ ಹೆಸರಿನ ಪುಸ್ತಕದಲ್ಲಿ ಆ ಹಾಡನ್ನು ಸೇರಿಸಿದ್ದು 1900ರಲ್ಲಿ, 57 ವರ್ಷಗಳ ಬಳಿಕ. ಅಷ್ಟು ಹೊತ್ತಿಗೆ ಹಾಡು ಅವರನ್ನು ಬಿಟ್ಟು ಬಹುದೂರ ಹೋಗಿತ್ತು.

ಎರಡು ಬಗೆಯ ಅನ್ಯಾಯ

ಕರ್ತೃತ್ವದ ವಿಷಯದಲ್ಲಿ ಜನರು ಎರಡು ದಿಕ್ಕಿನಲ್ಲಿ ಎಡವುತ್ತಾರೆ. ಮೊದಲನೆಯದು, ಹೊಸದನ್ನು ಹಳೆಯದೆಂದು ನಂಬಿ ಅದಕ್ಕೆ ಬೇರುಗಳನ್ನು ಕಲ್ಪಿಸುವುದು. ಬೀದಿಯಲ್ಲಿ ಮೀನು, ಚಿಪ್ಪುಮೀನು ಮಾರುತ್ತಾ ಜ್ವರದಿಂದ ಸತ್ತ 'ಮಾಲಿ ಮಲೋನ್' ಡಬ್ಲಿನ್ ನಗರದ ಗುರುತೇ ಆಗಿದ್ದಾಳೆ. 1988ರಲ್ಲಿ ನಗರದ ಸಹಸ್ರಮಾನೋತ್ಸವ ನಡೆದಾಗ, ದೇವಾಲಯದ ದಾಖಲೆಯಲ್ಲಿ ಸಿಕ್ಕ, 1699ರ ಜೂನ್ 13ರಂದು ಸತ್ತ ಮೇರಿ ಮಲೋನ್ ಎಂಬಾಕೆಯೇ ಹಾಡಿನ ಮಾಲಿ ಎಂದು ಸಾರಿ, ಆಕೆಯ ಪ್ರತಿಮೆಯನ್ನೂ ನಿಲ್ಲಿಸಿದರು. ಆದರೆ ಈಗ ಹಾಡುವ ರೂಪ 1880ರ ದಶಕದಲ್ಲಿ ಅಚ್ಚಿನಲ್ಲಿ ಕಾಣುತ್ತದೆ. 1884ರ ಲಂಡನ್ ಮುದ್ರಣದಲ್ಲಿ ಎಡಿನ್‌ಬರೋದ ಜೇಮ್ಸ್ ಯಾರ್ಕ್‌ಸ್ಟನ್ ಅವರ ಹೆಸರಿದೆ. ಡಬ್ಲಿನ್ನಿನ ಹಾಡಿಗೆ ಸ್ಕಾಟ್ಲೆಂಡಿನ ಕೈಬರಹ! ಮೇರಿ, ಮಲೋನ್ ಎರಡೂ ಅಲ್ಲಿ ಸಾಮಾನ್ಯ ಹೆಸರುಗಳು. ಒಂದು ಮರಣದ ದಾಖಲೆಯಿಂದ ಹಾಡಿನ ನಾಯಕಿಯನ್ನು ಗುರುತಿಸಲಾಗದು.

ಎರಡನೆಯದು ಇನ್ನೂ ನೋವಿನದು: ಬದುಕಿರುವ ಕವಿಯನ್ನೇ ಕಳ್ಳನೆನ್ನುವುದು. 1840ರ ದಶಕದ ಮಹಾ ಬರಗಾಲದಲ್ಲಿ ಮಕ್ಕಳಿಗಾಗಿ ಧಾನ್ಯ ಕದ್ದು ಗಡೀಪಾರಾದ ತಂದೆಯ ಕಥೆ ಹೇಳುವ 'ದ ಫೀಲ್ಡ್ಸ್ ಆಫ್ ಆಥೆನ್ರೈ' ಹಾಡನ್ನು ಬರೆದವರು ಡಬ್ಲಿನ್ನಿನ ಪೀಟ್ ಸೇಂಟ್ ಜಾನ್. ಅದು ಬಂದದ್ದು 1979ರಲ್ಲಿ. ಆಟದ ಮೈದಾನಗಳಲ್ಲಿ ಸಾವಿರಾರು ಜನ ಒಕ್ಕೊರಲಿನಿಂದ ಹಾಡುವ ಈ ಹಾಡು 19ನೆಯ ಶತಮಾನದ ಹಾಳೆಯೊಂದರಿಂದ ಎತ್ತಿದ್ದೆಂಬ ಆರೋಪ ಬಂತು. ಲಾವಣಿಗಳ ತಜ್ಞರು ಹುಡುಕಿದಾಗ ಆ ಆರೋಪಕ್ಕೆ ಆಧಾರ ಸಿಗಲಿಲ್ಲ. 2022ರಲ್ಲಿ ತೀರಿಕೊಂಡ ಆ ಕವಿ ಬದುಕಿರುವಾಗಲೇ ಸತ್ಯ ತಿಳಿದುದು ಸಮಾಧಾನದ ವಿಷಯ. ಇತರರ ಹಾಡನ್ನು ತನ್ನದೆನ್ನುವುದು ಕಳವು. ಸ್ವಂತ ಹಾಡು ಕಟ್ಟಿದವನನ್ನು ಕಳ್ಳನೆನ್ನುವುದು ಸುಳ್ಳುಸಾಕ್ಷಿ. ದಶಾಜ್ಞೆಗಳಲ್ಲಿ ಎರಡಕ್ಕೂ ಸ್ಥಾನವಿದೆ.

ಧರ್ಮಸಭೆ ಕಲಿತ ಪಾಠ

ಕರ್ತೃವಿನ ಹೆಸರು ಅಲ್ಲಾಡಿದರೆ ಕೃತಿಯ ಬೆಲೆ ಕುಸಿಯುತ್ತದೆಂಬ ಭಯ ನಮ್ಮ ಧರ್ಮಸಭೆಗೂ ಹೊಸದಲ್ಲ. ಹಿಬ್ರಿಯರಿಗೆ ಬರೆದ ಪತ್ರವನ್ನು ಶತಮಾನಗಳ ಕಾಲ ಸಂತ ಪೌಲರದೆಂದು ಓದಿದೆವು. ಅದರ ಭಾಷೆ ಪೌಲರದಲ್ಲವೆಂದು ಮೂರನೆಯ ಶತಮಾನದಲ್ಲೇ ಗಮನಿಸಿದ ಓರಿಜೆನ್, ಬರೆದವರು ಯಾರೆಂಬುದನ್ನು ದೇವರೇ ಬಲ್ಲರು ಎಂಬ ತೀರ್ಮಾನಕ್ಕೆ ಬಂದರು. ಪತ್ರವನ್ನು ಮಾತ್ರ ಕೈಬಿಡಲಿಲ್ಲ. ಜಗದ್ಗುರು ಹನ್ನೆರಡನೆಯ ಪಿಯುಸ್ ಅವರು 1943ರ ತಮ್ಮ ವಿಶ್ವಪತ್ರದಲ್ಲಿ, ಆಮೇಲೆ ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ 'ದೇಯಿ ವೆರ್ಬುಮ್' ಎಂಬ ದಸ್ತಾವೇಜಿನಲ್ಲಿ, ಶ್ರೀಗ್ರಂಥದ ಲೇಖಕರ ಕಾಲ, ಸಂದರ್ಭ, ಬರವಣಿಗೆಯ ಪ್ರಕಾರಗಳನ್ನು ಶೋಧಿಸುವಂತೆ ವಿದ್ವಾಂಸರನ್ನು ಪ್ರೋತ್ಸಾಹಿಸಿದರು. ದೇವರ ವಾಕ್ಯವನ್ನೇ ಈ ಶೋಧಕ್ಕೆ ಒಡ್ಡಲು ಅಂಜದ ನಾವು ಒಂದು ಲಾವಣಿಯ ವಿಷಯದಲ್ಲಿ ಅಂಜಬೇಕಾದ್ದೇನಿದೆ?

ಇಲ್ಲಿ ಶೋಧಕರಿಗೂ ಒಂದು ಮಾತು ಸಲ್ಲುತ್ತದೆ. ಕೆಲವರು ಮೊದಲ ಮುದ್ರಣ ಸಿಕ್ಕಿದೊಡನೆ ಅಲ್ಲಿಗೆ ಹುಡುಕಾಟವನ್ನು ಮುಗಿಸಿಬಿಡುತ್ತಾರೆ. ಮುದ್ರಣ ಸಿಕ್ಕಿತೆಂದರೆ ಅಕ್ಷರ ಬಲ್ಲವನ ಹೆಸರು ಸಿಕ್ಕಿತೆಂದು ಅರ್ಥ, ಅಷ್ಟೇ. ಬ್ಯಾಲಿಸಡೇರಿನ ಮುದುಕಿ ಏನನ್ನೂ ಮುದ್ರಿಸಲಿಲ್ಲ. ಇನ್ನು ಕೆಲವರಿಗೆ ಜನಪದ ಎಂಬ ಪದವೇ ಸಾಕು. ಹಾಡು ಕಾಡಿನ ಹೂವಿನಂತೆ ತಾನಾಗಿ ಅರಳಿತು ಎನ್ನುತ್ತಾರೆ. ಯಾವ ಹಾಡೂ ತಾನಾಗಿ ಅರಳುವುದಿಲ್ಲ. ಪ್ರತಿಯೊಂದು ಸಾಲನ್ನೂ ಒಂದು ದಿನ ಒಬ್ಬರು ಮೊದಲ ಬಾರಿಗೆ ಹಾಡಿದ್ದಾರೆ. ಇನ್ನೊಬ್ಬರು ಕೇಳಿ ತಿದ್ದಿದ್ದಾರೆ. ಮಗದೊಬ್ಬರು ನೆನಪಿಟ್ಟು ಮಕ್ಕಳಿಗೆ ಕಲಿಸಿದ್ದಾರೆ.

ಈವರೆಗೆ ಕಂಡ ಹೆಸರುಗಳನ್ನು ಒಂದು ಸಾಲಿನಲ್ಲಿ ನಿಲ್ಲಿಸಿ ನೋಡಿ. ಇಂಗ್ಲಿಷ್ ವಕೀಲ, ಸ್ಕಾಟ್ಲೆಂಡಿನವ, ಪ್ರೊಟೆಸ್ಟಂಟ್ ಪಾದ್ರಿಯ ಮಗ, ಅಮೆರಿಕಕ್ಕೆ ಹೋದ ವಲಸೆಗಾರ. ಐರ್ಲೆಂಡಿನ ಕಥೋಲಿಕರು ತಮ್ಮ ಎದೆಯ ಹಾಡುಗಳೆಂದು ಹಾಡಿದವುಗಳಲ್ಲಿ ಹಲವು ಬೇಲಿಯಾಚೆಯವರ ಕೊಡುಗೆ. ನನ್ನ ನೆರೆಯವನು ಯಾರು ಎಂಬ ಪ್ರಶ್ನೆಗೆ ಪ್ರಭು ಯೇಸು ಸಮಾರಿಯದವನ ಕಥೆಯನ್ನು ಹೇಳಿದರಲ್ಲವೇ? ನನ್ನ ಹಾಡು ಯಾರದು ಎಂದು ಕೇಳಿದರೆ ಉತ್ತರದಲ್ಲಿ ಅನೇಕ ಸಲ ಒಬ್ಬ ಸಮಾರಿಯದವನೇ ಎದುರಾಗುತ್ತಾನೆ. ಅವನಿಗೆ ಕೃತಜ್ಞತೆ ಹೇಳಲು ಅವನ ಹೆಸರು ತಿಳಿದಿರಬೇಕು.

ಆದ್ದರಿಂದ, ಓದುಗ ಬಂಧುಗಳೇ, ನಿಮ್ಮ ಮನೆಯಲ್ಲಿ, ನಿಮ್ಮ ಧರ್ಮಕೇಂದ್ರದ ಗಾಯನವೃಂದದಲ್ಲಿ ಹಾಡುವ ಹಾಡುಗಳ ಕೆಳಗೆ ಇರುವ ಹೆಸರನ್ನು ಒಮ್ಮೆ ಓದಿ. ಹೆಸರಿಲ್ಲದಿದ್ದರೆ ಹಿರಿಯರನ್ನು ಕೇಳಿ. ಸಿಕ್ಕರೆ ಬರೆದಿಡಿ, ಮಕ್ಕಳಿಗೆ ಹೇಳಿ. ಎಷ್ಟು ಹುಡುಕಿದರೂ ಸಿಗದಿದ್ದಲ್ಲಿ ಗೌರವದ ಹೆಸರೊಂದನ್ನು ತಂದು ಅಂಟಿಸಬೇಡಿ. ಖಾಲಿ ಜಾಗವನ್ನು ಖಾಲಿಯಾಗಿಯೇ ಬಿಡಿ. ನವೆಂಬರ್ 2ರಂದು ನಾವು ಸ್ಮಶಾನಕ್ಕೆ ಹೋದಾಗ, ನಮ್ಮವರ ಸಮಾಧಿಗಳ ಮೇಲೆ ದೀಪ ಹಚ್ಚಿದ ಬಳಿಕ, ಹೆಸರು ಅಳಿಸಿಹೋದ ಯಾವುದೋ ಕಲ್ಲಿನ ಮೇಲೂ ಒಂದು ಮೊಂಬತ್ತಿ ಇಟ್ಟು ಬರುತ್ತೇವೆ. ಅಲ್ಲಿ ಮಲಗಿರುವವರು ಯಾರೆಂದು ನಾವು ಊಹಿಸಲು ಹೋಗುವುದಿಲ್ಲ. ಪ್ರಾರ್ಥಿಸುತ್ತೇವೆ. ಕರ್ತೃವಿಲ್ಲದ ಹಾಡನ್ನು ಹಾಡುವಾಗಲೂ ನಮ್ಮ ಮನಸ್ಸು ಹಾಗೆಯೇ ಇರಲಿ.